ಆಳಂದದ ಎರೆ ಹೊಲದಲ್ಲಿ ಗ್ರಹೀಯ ನೀಹಾರಿಕೆಯ ಹುಡುಕಾಟ: ಕಂಬ, ಫಿಲ್ಟರ್, ಗ್ರೇಟಿಂಗ್

ಈ ಹಂಗಾಮಿನ ಕೆಲಸ ಮಾರ್ಚ್ 2025ರ ಕೊನೆಗೆ ನಿಂತಿದೆ. ಬಿಸಿಲು ಏರಿ ಆಕಾಶದ ತುಂಬ ಧೂಳು. ವಿಜಯಸಾರಥಿ, ಅಂದರೆ ಆರಿಗಾ ನಕ್ಷತ್ರಪುಂಜ, ಕತ್ತಲಾಗುವ ಹೊತ್ತಿಗೇ ನೆತ್ತಿ ದಾಟಿ ಪಡುವಣಕ್ಕೆ ವಾಲಿರುತ್ತದೆ. ಆಕಾಶದ ಚಿತ್ರಗಳಲ್ಲಿ ಕಂಡ ಮಸುಕು ಗುರುತುಗಳ ಪೈಕಿ ಕೈಯಲ್ಲಿ ಒಂದೇ ಒಂದು ಉಳಿದಿದೆ. ಅದು ಯಾರೂ ಕಾಣದ ಗ್ರಹೀಯ ನೀಹಾರಿಕೆಯೋ ಅಲ್ಲವೋ ಎಂದು ತೀರ್ಮಾನಿಸಲು ನನ್ನ ಸಲಕರಣೆಗೆ ಶಕ್ತಿ ಸಾಲದು ಎನ್ನುವಲ್ಲಿಗೆ ಬಂದಿದ್ದೇನೆ. ಇಲ್ಲಿಯವರೆಗೆ ಏನು ಕಟ್ಟಿದೆ, ಯಾವುದು ಕೈಕೊಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಕ್ರಮವಾಗಿ ಬರೆದಿಡುತ್ತೇನೆ. ನಮ್ಮ ಕಡೆಯ ಎರೆ ಹೊಲದಲ್ಲಿ ದೂರದರ್ಶಕ ನಿಲ್ಲಿಸಬೇಕು ಅನ್ನುವವರಿಗೆ ಕಂಬದ ಭಾಗವಾದರೂ ಉಪಯೋಗಕ್ಕೆ ಬಂದೀತು.

ಸಲಕರಣೆ ಇಷ್ಟು: 150 ಮಿ.ಮೀ. ಕನ್ನಡಿ, 750 ಮಿ.ಮೀ. ನಾಭಿದೂರದ ನ್ಯೂಟನ್ ಮಾದರಿಯ ದೂರದರ್ಶಕ. ಸೆಕೆಂಡ್ ಹ್ಯಾಂಡ್ ಈಕ್ವಟೋರಿಯಲ್ ಮೌಂಟ್, ಅಂದರೆ ಧ್ರುವದ ಕಡೆ ತಿರುಗಿಸಿದ ಅಚ್ಚಿನ ಮೇಲೆ ಸುತ್ತುತ್ತ ನಕ್ಷತ್ರಗಳನ್ನು ಹಿಂಬಾಲಿಸುವ ಪೀಠ. ಸೆನ್ಸರನ್ನು ತಂಪು ಮಾಡಿಕೊಳ್ಳುವ ಕಪ್ಪು-ಬಿಳುಪು ಕ್ಯಾಮೆರಾ, 3.76 ಮೈಕ್ರಾನಿನ ಪಿಕ್ಸೆಲ್, 3008×3008. ಈ ಜೋಡಿಯಲ್ಲಿ ಪಿಕ್ಸೆಲ್ಲಿಗೆ 1.03 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್); ಒಂದು ಚಿತ್ರದಲ್ಲಿ ಸುಮಾರು 52 ಆರ್ಕ್‌ಮಿನಿಟ್ ಅಗಲದ ಆಕಾಶ ಸಿಗುತ್ತದೆ. ನಾನಿರುವುದು ಕಲಬುರಗಿಯಲ್ಲಿ. ಮನೆಯ ಮಾಳಿಗೆ ಮೇಲಿಂದ ಈ ಕೆಲಸ ಆಗುವುದಿಲ್ಲ, ಬೀದಿದೀಪ ಬಿಡುವುದಿಲ್ಲ. ಹೊಲ ಆಳಂದ ತಾಲೂಕಿನಲ್ಲಿದೆ. ಅಲ್ಲಿಂದ ಆಗ್ನೇಯಕ್ಕೆ ಮಾತ್ರ ಊರಿನ ಬೆಳಕು ಎದ್ದು ಕಾಣುತ್ತದೆ, ಉತ್ತರ ಮತ್ತು ನೆತ್ತಿ ಕಪ್ಪಗಿರುತ್ತವೆ.

ಏನು, ಎಲ್ಲಿ ಹುಡುಕುವುದು

ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ತನ್ನ ಹೊರಕವಚವನ್ನು ಕಳಚಿ ಬಿಡುತ್ತದೆ. ಒಳಗೆ ಉಳಿದ ಬಿಸಿ ತಿರುಳು ಆ ಅನಿಲವನ್ನು ಬೆಳಗಿಸುತ್ತದೆ. ಅದೇ ಗ್ರಹೀಯ ನೀಹಾರಿಕೆ. ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಅನಿಲ ಚದುರಿ ಮಸುಕಾಗುತ್ತದೆ. ನಕ್ಷತ್ರದ ಆಯುಷ್ಯದ ಮುಂದೆ ಅದು ಏನೇನೂ ಅಲ್ಲ, ಹಾಗಾಗಿ ಯಾವ ಕಾಲದಲ್ಲಿ ನೋಡಿದರೂ ಇಂಥವು ಕಡಿಮೆಯೇ. ನಮ್ಮ ಗ್ಯಾಲಕ್ಸಿಯಲ್ಲಿ ಇಲ್ಲಿಯವರೆಗೆ ಪಟ್ಟಿಯಾಗಿರುವುದು 4,000ದ ಆಸುಪಾಸು. ಇರಬೇಕಾದ್ದು ಎಷ್ಟು ಎಂಬ ಅಂದಾಜು, ಲೆಕ್ಕದ ದಾರಿಗೆ ತಕ್ಕಂತೆ, 6,000ದಿಂದ 40,000ಕ್ಕೂ ಮೇಲಿನವರೆಗೆ ಹೋಗುತ್ತದೆ. ಉಳಿದವು ಆಕಾಶಗಂಗೆಯ ಧೂಳಿನ ಹಿಂದೆ ಇವೆ, ಇಲ್ಲವೇ ತೀರ ಮಂಕಾಗಿ ಯಾರ ಕಣ್ಣಿಗೂ ಬೀಳದೆ ಇವೆ.

ದೊಡ್ಡ ದೂರದರ್ಶಕಗಳು ಆಕಾಶಗಂಗೆಯ ನಡುಪಟ್ಟಿಯನ್ನು ಜಾಲಾಡಿವೆ. ಲಾ ಪಾಲ್ಮಾ ದ್ವೀಪದ 2.5 ಮೀಟರಿನ ಐಸಾಕ್ ನ್ಯೂಟನ್ ದೂರದರ್ಶಕದಿಂದ ನಡೆದ ಐಫಾಸ್ ಸರ್ವೆ ಉತ್ತರದ ಪಟ್ಟಿಯನ್ನು ಹೈಡ್ರೋಜನ್ ಆಲ್ಫಾ ಬೆಳಕಿನಲ್ಲಿ, ಅಂದರೆ ಹೈಡ್ರೋಜನ್ ಅನಿಲ ಸೂಸುವ ಕೆಂಪು ಬೆಳಕಿನಲ್ಲಿ, ತೆಗೆದಿದೆ. 2014ರಲ್ಲಿ ಅದರಿಂದಲೇ 159 ಹೊಸ ನೀಹಾರಿಕೆಗಳ ಪಟ್ಟಿ ಬಂತು. ಆದರೆ ಆ ಸರ್ವೆ ಗ್ಯಾಲಕ್ಸಿಯ ಸಮತಲದಿಂದ ಆಚೀಚೆ 5 ಡಿಗ್ರಿಗೆ ನಿಲ್ಲುತ್ತದೆ. ಅದರಾಚೆಗೆ ಅಷ್ಟು ಆಳದ, ಅಷ್ಟು ಚೊಕ್ಕ ಹೈಡ್ರೋಜನ್ ಆಲ್ಫಾ ಚಿತ್ರ ಎಲ್ಲ ಕಡೆಗೂ ಇಲ್ಲ. ಹಾಗಾಗಿ ನಾನು ಆರಿಸಿಕೊಂಡದ್ದು ವಿಜಯಸಾರಥಿ ಮತ್ತು ಪಾರ್ಥ (ಪರ್ಸಿಯಸ್) ಪುಂಜಗಳಲ್ಲಿ ಆ ಸಮತಲದಿಂದ 5ರಿಂದ 12 ಡಿಗ್ರಿ ಆಚೆಯ ಪಟ್ಟಿ. ನಮ್ಮ ಅಕ್ಷಾಂಶದಲ್ಲಿ ಅದು ಚಳಿಗಾಲದಲ್ಲಿ ನೆತ್ತಿಯ ಹತ್ತಿರವೇ ಹಾಯುತ್ತದೆ.

ಹಂತ 1. ಮೇ 2024: ಮೊದಲ ಕಂಬ

ಟ್ರೈಪಾಡ್ ಬಿಟ್ಟು ಕಂಬಕ್ಕೆ ಹೋಗಲು ಕಾರಣವಿದೆ. ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹದಿನೇಳೂವರೆ ಡಿಗ್ರಿ ಮೇಲಷ್ಟೇ. ಮೌಂಟನ್ನು ಅಷ್ಟು ಕೆಳಗೆ ಬಾಗಿಸಿದರೆ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಅದೂ ಅಲ್ಲದೆ ಪ್ರತಿ ಸಲ ಹೊಸದಾಗಿ ಧ್ರುವಕ್ಕೆ ಸರಿಹೊಂದಿಸುವುದರಲ್ಲೇ ರಾತ್ರಿಯ ಒಳ್ಳೆಯ ಹೊತ್ತು ಹೋಗುತ್ತದೆ.

ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ. ಅದರಲ್ಲಿ ಕಾಂಕ್ರೀಟ್, ಮಧ್ಯೆ 6 ಇಂಚಿನ ಕಬ್ಬಿಣದ ಪೈಪು. ನೆಲದ ಮೇಲೆ ಮೂರೂವರೆ ಅಡಿ ಎತ್ತರ. ತಲೆಗೆ 10 ಮಿ.ಮೀ. ದಪ್ಪದ ಪ್ಲೇಟು ವೆಲ್ಡ್ ಮಾಡಿಸಿ ಮೌಂಟಿನ ಬೋಲ್ಟಿಗೆ ತೂತು ಹೊಡೆಸಿದೆ. ಪೈಪಿನೊಳಗೆ ಒಣ ಉಸುಕು ತುಂಬಿದೆ, ಬಡಿದರೆ ಗಂಟೆಯ ಹಾಗೆ ನಡುಗಬಾರದು ಅಂತ. ಒಟ್ಟು 6,500 ರೂ. ಧ್ರುವಕ್ಕೆ ಸರಿಹೊಂದಿಸಿದಾಗ ವ್ಯತ್ಯಾಸ 2 ಆರ್ಕ್‌ಮಿನಿಟಿನ ಒಳಗೆ ಬಂತು.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಮತ್ತೆ ಅಳೆದರೆ ವ್ಯತ್ಯಾಸ ಒಂದು ಡಿಗ್ರಿ ದಾಟಿತ್ತು. ಪ್ಲೇಟಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೋಡಿದೆ, ಬುಡಕ್ಕೂ ತಲೆಗೂ ಮುಕ್ಕಾಲು ಇಂಚು ಫರಕು. ಕಾಂಕ್ರೀಟ್ ಗಟ್ಟಿಯಾಗಿತ್ತು, ವೆಲ್ಡಿಂಗ್ ಎಲ್ಲೂ ಬಿಟ್ಟಿರಲಿಲ್ಲ. ವಾಲಿದ್ದು ಇಡೀ ಗುಂಡಿಯೇ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಎರಡು ಅಡಿ ಆಳವೆಂದರೆ ಪೂರ್ತಿ ಆ ಉಬ್ಬುವ ಪದರದಲ್ಲೇ ನಿಂತಂತೆ. ಮನೆ ಕಟ್ಟುವ ಗೌಂಡಿಯನ್ನು ಕರೆಸಿ ತೋರಿಸಿದಾಗ ಆತ ಒಂದೇ ಮಾತು ಹೇಳಿದ: "ಸರ್, ಎರಿ ಮಣ್ಣಾಗ ಮ್ಯಾಲಿಂದ ಮ್ಯಾಲ ಹಾಕಿದ್ರ ನಿಂದ್ರಂಗಿಲ್ರಿ. ಗರಸು ಹತ್ತೋತನಕ ಅಗೀಬೇಕು." ಗರಸು ಅಂದರೆ ಎರೆ ಮಣ್ಣಿನ ಕೆಳಗಿನ ಗಟ್ಟಿ ಪದರ.

ಹಂತ 2. ಜೂನ್‌ನಿಂದ ಸೆಪ್ಟೆಂಬರ್: ಲ್ಯಾಪ್‌ಟಾಪ್ ಮುಂದೆ

ಮಳೆಗಾಲ ಪೂರ್ತಿ ಹುಡುಕಾಟ ನಡೆದದ್ದು ಮನೆಯೊಳಗೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಖಗೋಳ ದತ್ತಾಂಶ ಕೇಂದ್ರದ ಅಲಾಡಿನ್ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಆಕಾಶದ ಹಲವು ಸರ್ವೆಗಳನ್ನು ಒಂದರ ಮೇಲೊಂದು ಹಾಸಿ ನೋಡಬಹುದು. ನಾನು ಹೆಚ್ಚಾಗಿ ನೋಡಿದ್ದು ಪಾಲೊಮಾರ್ ವೇಧಶಾಲೆಯ 48 ಇಂಚಿನ ಶ್ಮಿಟ್ ದೂರದರ್ಶಕದ ಗಾಜಿನ ಫಲಕಗಳ ಡಿಜಿಟಲ್ ಪ್ರತಿ. 1950ರ ದಶಕದ ಫಲಕಗಳೂ ಇವೆ, ಆಮೇಲಿನ ಎರಡನೇ ಸರ್ವೆಯ ಕೆಂಪು, ನೀಲಿ, ಅವಕೆಂಪು ಫಲಕಗಳೂ ಇವೆ. ಅದೇ ಹಳೆಯ ಫಲಕಗಳಲ್ಲಿ ಜಾರ್ಜ್ ಏಬೆಲ್ ಕಂಡುಹಿಡಿದ ಮಂಕು ನೀಹಾರಿಕೆಗಳ 86ರ ಪಟ್ಟಿ 1966ರಲ್ಲಿ ಬಂತು. ಆತ ಕಂಡವನ್ನು ಮೊದಲು ಒಂದೊಂದಾಗಿ ತೆರೆದು ನೋಡಿದೆ. ಕಣ್ಣಿಗೆ ರೂಢಿಯಾಗದೆ ಹುಡುಕಲು ಕೂತರೆ ಎಲ್ಲವೂ ನೀಹಾರಿಕೆಯಂತೆ ಕಾಣುತ್ತದೆ, ಇಲ್ಲವೇ ಏನೂ ಕಾಣುವುದಿಲ್ಲ.

ಕೆಲಸದ ರೀತಿ ಹೀಗೆ. ಒಂದು ಡಿಗ್ರಿ ಚೌಕದ ತುಂಡು ತೆರೆಯುವುದು, ಕಾಂಟ್ರಾಸ್ಟ್ ಏರಿಸಿ ನಿಧಾನ ಸರಿಸುವುದು. ದುಂಡಗೆ ಅಥವಾ ಬಳೆಯ ಹಾಗೆ ಮಸುಕು ಕಂಡರೆ ನೋಟ್‌ಬುಕ್ಕಿನಲ್ಲಿ ಸ್ಥಾನ ಬರೆದುಕೊಂಡು ಮುಂದೆ ಹೋಗುವುದು. ಆ ಕ್ಷಣಕ್ಕೇ ಪರೀಕ್ಷೆಗೆ ಇಳಿಯುವುದಿಲ್ಲ. ಇಳಿದರೆ ಪಟ್ಟಿ ಮುಂದೆ ಸಾಗುವುದಿಲ್ಲ, ಆಸೆಯೂ ಒಂದಕ್ಕೇ ಅಂಟಿಕೊಳ್ಳುತ್ತದೆ. ವಾರದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಜರಡಿ ಹಿಡಿಯುತ್ತಿದ್ದೆ.

ಜರಡಿಯಲ್ಲಿ ಬಿದ್ದುಹೋದವುಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ಈ ಕೆಲಸದ ಬಹುಪಾಲು ಅದೇ.

ಫಲಕದ ಕಲೆ. ಪಾರ್ಥದಲ್ಲಿ ಒಂದು ಗುರುತು ಎಷ್ಟು ಚೆನ್ನಾಗಿತ್ತೆಂದರೆ ಕಂಪಾಸಿನಿಂದ ಎಳೆದ ವೃತ್ತ ಅನ್ನಬೇಕು, ಅಂಚು ಚೂಪು, ಒಳಗೆ ಸಮನಾದ ಮಂಜು. ಎರಡನೇ ಸರ್ವೆಯ ಕೆಂಪು ಫಲಕದಲ್ಲಿ ಮಾತ್ರ ಇತ್ತು. ಹಳೆಯ ಕೆಂಪು ಫಲಕದಲ್ಲಿ ಇಲ್ಲ, ನೀಲಿಯಲ್ಲಿ ಇಲ್ಲ, ಅವಕೆಂಪಿನಲ್ಲಿ ಇಲ್ಲ. ಫಲಕಕ್ಕೆ ಬಳಿದ ಎಮಲ್ಶನ್ ಲೇಪದ ಮೇಲಿನ ಕಲೆ ಅದು. ಅಂದಿನಿಂದ ಎರಡು ಬೇರೆ ಫಲಕಗಳಲ್ಲಿ ಕಾಣದ್ದನ್ನು ಹೊಡೆದುಹಾಕುವುದೇ ಮೊದಲ ಕೆಲಸ.

ಪ್ರಖರ ನಕ್ಷತ್ರದ ನೆರಳು-ಬಿಂಬ. ವಿಜಯಸಾರಥಿಯ ತುಂಬ ಬ್ರಹ್ಮಹೃದಯದ, ಅಂದರೆ ಕ್ಯಾಪೆಲ್ಲಾದ, ಕಾಟ. ಅದರ ಬೆಳಕು ದೂರದರ್ಶಕದೊಳಗೆ ಪ್ರತಿಫಲಿಸಿ ಫಲಕದ ಮೇಲೆ ಉಂಗುರ ಮೂಡಿಸುತ್ತದೆ.

ದೂರದ ಗ್ಯಾಲಕ್ಸಿ. ನಮ್ಮ ಗ್ಯಾಲಕ್ಸಿಯ ಧೂಳಿನ ಮೂಲಕ ಕಾಣುವ ಸುರುಳಿ ಗ್ಯಾಲಕ್ಸಿಯ ತೋಳುಗಳು ಅಳಿಸಿ ಹೋಗಿ ನಡುವಿನ ಮಂಕು ಚೆಂಡು ಮಾತ್ರ ಉಳಿದಿರುತ್ತದೆ. ಅವಕೆಂಪು ಚಿತ್ರ ತೆರೆದರೆ ತೋಳು ಹೊರಬರುತ್ತದೆ.

ಪ್ರತಿಫಲನ ನೀಹಾರಿಕೆ. ನೀಲಿಯಲ್ಲಿ ದಪ್ಪ, ಕೆಂಪಿನಲ್ಲಿ ತೆಳು. ಗ್ರಹೀಯ ನೀಹಾರಿಕೆ ಈ ಫಲಕಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧ, ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರ್ ಬೆಳಕು ಕೆಂಪು ಫಲಕದಲ್ಲಿ ಬೀಳುವುದರಿಂದ.

ಇವನ್ನೆಲ್ಲ ದಾಟಿ ಬಂದವಕ್ಕೆ ಮುಂದಿನ ಪರೀಕ್ಷೆ ಇನ್ನೆರಡು. ವೈಸ್ ಎಂಬ ಉಪಗ್ರಹದ 22 ಮೈಕ್ರಾನಿನ ಅವಕೆಂಪು ಚಿತ್ರದಲ್ಲಿ ಅದೇ ಜಾಗ ಹೊಳೆಯುತ್ತದೆಯೇ ನೋಡುವುದು. ಆಮೇಲೆ ನಕ್ಷತ್ರಗಳ ಸ್ಥಾನ, ಬಣ್ಣ ಅಳೆದ ಗಾಯಾ ಉಪಗ್ರಹದ 2022ರ ಮೂರನೇ ಪಟ್ಟಿಯಲ್ಲಿ ನಡುವೆ ಒಂದು ನೀಲಿ ನಕ್ಷತ್ರ ಇದೆಯೇ ನೋಡುವುದು. ಇಲ್ಲಿ ಒಂದು ಎಚ್ಚರ. ಈ ದಿಕ್ಕಿನಲ್ಲಿ ಧೂಳು ನೀಲಿಯನ್ನು ನುಂಗುತ್ತದೆ. "ನೀಲಿ" ಎಂದು ಪುಸ್ತಕದಲ್ಲಿರುವ ಅಂಕಿಯನ್ನು ಹಿಡಿದು ಹುಡುಕಿದರೆ ನಿಜವಾದ ಕೇಂದ್ರ ನಕ್ಷತ್ರವೂ ತಪ್ಪಿಹೋಗುತ್ತದೆ. ಸುತ್ತಲಿನ ನಕ್ಷತ್ರಗಳ ಬಣ್ಣದೊಂದಿಗೆ ಹೋಲಿಸಬೇಕು, ಅವುಗಳಿಗಿಂತ ಎದ್ದು ಕಾಣುವಷ್ಟು ನೀಲಿ ಇದ್ದರೆ ಸಾಕು.

ಕೊನೆಗೆ ಹೆಸರು ಹುಡುಕುವುದು. ಸ್ಟ್ರಾಸ್‌ಬರ್ಗ್ ಕೇಂದ್ರದ್ದೇ ಆದ ಸಿಂಬಾದ್ ಎಂಬ ಆಕಾಶಕಾಯಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಹೊಸದು ಎಂದು ಖುಷಿಪಡುವಂತಿಲ್ಲ. ಜುಲೈಯಲ್ಲಿ ನನಗೆ ತುಂಬ ಹಿಡಿಸಿದ್ದ ಒಂದು ಗುರುತು, ಎಲ್ಲ ಪರೀಕ್ಷೆ ದಾಟಿದ್ದು, ಸಿಂಬಾದ್‌ನಲ್ಲಿ ಇರಲಿಲ್ಲ. ಗ್ರಹೀಯ ನೀಹಾರಿಕೆಗಳಿಗೆಂದೇ ಇರುವ ಹ್ಯಾಶ್ ದತ್ತಾಂಶದಲ್ಲಿ ಖಾತೆ ತೆರೆದು ನೋಡಿದರೆ ಅಲ್ಲಿತ್ತು. ಹವ್ಯಾಸಿಗಳೇ ಮೊದಲೇ ಕಂಡಿದ್ದರು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಈ ಪಟ್ಟಿಯಲ್ಲಿ "ಖಚಿತ", "ಬಹುಶಃ", "ಇರಬಹುದು" ಎಂಬ ದರ್ಜೆಗಳಿವೆ, ಅಲ್ಲವೆಂದು ತಳ್ಳಿಹಾಕಿದವೂ ಇವೆ. ಹಾಗಾಗಿ ಹ್ಯಾಶ್ ನೋಡುವುದನ್ನು ಪರೀಕ್ಷೆಗಳ ಮೊದಲಿಗೇ ತಂದೆ. ವಾರದ ಕೆಲಸ ಅರ್ಧಕ್ಕೆ ಇಳಿಯಿತು. ಫ್ರಾನ್ಸಿನ ಹವ್ಯಾಸಿಗಳ ತಂಡ ನಡೆಸುವ ಸಂಭಾವ್ಯ ನೀಹಾರಿಕೆಗಳ ಪಟ್ಟಿಯನ್ನೂ ಅದರ ಪಕ್ಕದಲ್ಲೇ ನೋಡಬೇಕು.

ಮಳೆಗಾಲ ಮುಗಿಯುವಷ್ಟರಲ್ಲಿ ದೂರದರ್ಶಕ ಹಿಡಿದು ನೋಡಲು ಯೋಗ್ಯ ಅನ್ನಿಸಿದವು ಬೆರಳೆಣಿಕೆಯಷ್ಟು ಉಳಿದವು.

ಹಂತ 3. ಅಕ್ಟೋಬರ್–ನವೆಂಬರ್: ಎರಡನೇ ಕಂಬ

ಹಳೆಯ ಕಂಬದಿಂದ ಹತ್ತಡಿ ದೂರ ಹೊಸ ಗುಂಡಿ, ಎರಡೂವರೆ ಅಡಿ ಚೌಕ. ನಾಲ್ಕೂಕಾಲು ಅಡಿಗೆ ಗರಸು ಹತ್ತಿತು. ಅದರೊಳಗೆ ಮತ್ತಷ್ಟು ಇಳಿದು ಐದು ಅಡಿಗೆ ನಿಲ್ಲಿಸಿದೆವು. 12 ಮಿ.ಮೀ. ಸಳಿಯ ಪಂಜರ, 1:2:4 ಕಾಂಕ್ರೀಟ್, ಸಿಮೆಂಟ್ 6 ಚೀಲ. ಗೌಂಡಿಯ ಸಲಹೆಯಂತೆ ಗರಸಿನ ಮೇಲಿನ ಭಾಗದಲ್ಲಿ ಕಾಂಕ್ರೀಟಿಗೂ ಎರೆ ಮಣ್ಣಿಗೂ ನಡುವೆ ನಾಲ್ಕು ಇಂಚು ಉಸುಕು ತುಂಬಿಸಿದೆ. ಮಣ್ಣು ಉಬ್ಬಿದರೆ ಉಸುಕನ್ನು ಒತ್ತಲಿ, ಕಂಬವನ್ನಲ್ಲ. ಮೊದಲ ಕಂಬದ ಪೈಪನ್ನೇ ಗ್ಯಾಸ್ ಕಟರ್‌ನಿಂದ ಕತ್ತರಿಸಿ ತೆಗೆದು ಬಳಸಿದೆ.

ಕಾಲಡಿಗೆ ಶಹಾಬಾದಿ ಫರ್ಸಿ ಹಾಸಿದೆ. ಕಂಬಕ್ಕೂ ಫರ್ಸಿಗೂ ಎರಡು ಇಂಚು ಸಂದು ಬಿಟ್ಟಿದ್ದೇನೆ. ಆ ಸಂದನ್ನು ಸಿಮೆಂಟಿನಿಂದ ಮುಚ್ಚಲು ಗೌಂಡಿ ತಯಾರಾಗಿದ್ದ, ಬೇಡ ಅಂದೆ. ಸಂದು ಇಲ್ಲದಿದ್ದರೆ ಪಕ್ಕದಲ್ಲಿ ನಡೆದಾಡಿದ ಅಲುಗಾಟ ಕಂಬಕ್ಕೆ ಹತ್ತಿ ನಕ್ಷತ್ರಗಳು ಚಿತ್ರದಲ್ಲಿ ಉದ್ದುದ್ದ ಆಗುತ್ತವೆ. ಈಗ ಪಕ್ಕದಲ್ಲಿ ಓಡಾಡಿದರೂ ಗೈಡಿಂಗ್ ಗ್ರಾಫಿನಲ್ಲಿ, ಅಂದರೆ ನಕ್ಷತ್ರವನ್ನು ಹಿಂಬಾಲಿಸುವಾಗಿನ ತಪ್ಪನ್ನು ತೋರಿಸುವ ಗ್ರಾಫಿನಲ್ಲಿ, ಏನೂ ತಿಳಿಯುವುದಿಲ್ಲ.

ಖರ್ಚು 14,300 ರೂ., ಕೂಲಿ ಸೇರಿ. ಮಾರ್ಚ್ ಕೊನೆಗೆ ಅಳೆದಾಗ ಧ್ರುವದ ವ್ಯತ್ಯಾಸ 3 ಆರ್ಕ್‌ಮಿನಿಟ್. ಆದರೆ ಈ ಕಂಬ ಇನ್ನೂ ಒಂದು ಮಳೆಗಾಲ ಕಂಡಿಲ್ಲ, ನಿಜವಾದ ಪರೀಕ್ಷೆ ಮುಂದಿದೆ.

ಹಂತ 4. ಡಿಸೆಂಬರ್ 2024: ಆಕ್ಸಿಜನ್ ಫಿಲ್ಟರ್

ಗ್ರಹೀಯ ನೀಹಾರಿಕೆಗಳ ಬೆಳಕಿನಲ್ಲಿ ಬಹುತೇಕ ಎದ್ದು ಕಾಣುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ನಿನ 500.7 ನ್ಯಾನೋಮೀಟರ್ ಗೆರೆ, ಅಂದರೆ ಆ ಒಂದೇ ತರಂಗಾಂತರದ ಬೆಳಕು. ಅದರ ಸುತ್ತ 7 ನ್ಯಾನೋಮೀಟರ್ ಮಾತ್ರ ಬಿಡುವ ಫಿಲ್ಟರಿಗೆ 11,000 ರೂ. ಕೊಟ್ಟೆ. ಹೋಲಿಕೆಗೆ ನನ್ನ ಬಳಿ ಇದ್ದ ಮಾಮೂಲಿ ಹಸಿರು ಫಿಲ್ಟರ್. ಎರಡರಲ್ಲೂ ಚಿತ್ರ ತೆಗೆದು, ನಕ್ಷತ್ರಗಳ ಹೊಳಪು ಸಮ ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ನಕ್ಷತ್ರಗಳು ಮಾಯವಾಗುತ್ತವೆ, ಆಕ್ಸಿಜನ್ ಹೊಳಪಿದ್ದರೆ ಅದು ಉಳಿಯುತ್ತದೆ.

ಎಳ್ಳ ಅಮಾವಾಸ್ಯೆ ಈ ಸಲ ಡಿಸೆಂಬರ್ 30ಕ್ಕೆ ಬಂತು. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಉಂಡು ಸಂಜೆಗೆ ಹೊರಡುತ್ತಾರೆ. ನಾನು ಅಲ್ಲೇ ಉಳಿದೆ. ಚಂದ್ರನಿಲ್ಲದ ಪೂರ್ತಿ ರಾತ್ರಿ, ಚಳಿಗೆ ಕ್ಯಾಮೆರಾ ಸೆನ್ಸರ್ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಸಲೀಸಾಗಿ ಇಳಿಯಿತು.

ಹುಡುಕಾಟದ ಗುರುತುಗಳಿಗೆ ಕೈ ಹಾಕುವ ಮೊದಲು ಗೊತ್ತಿರುವುದನ್ನು ತೆಗೆದೆ: ಮಿಥುನದ ಎನ್‌ಜಿಸಿ 2392, ವಿಲಿಯಂ ಹರ್ಷೆಲ್ 1787ರಲ್ಲಿ ಕಂಡದ್ದು. ಹೀಗೆ ಕಳೆದು ಉಳಿದ ಚಿತ್ರದಲ್ಲಿ ಅದು ಬೆಳ್ಳಗೆ ನಿಂತಿತು. ಆಮೇಲೆ ಏಬೆಲ್ ಪಟ್ಟಿಯ ಒಂದು ಮಂಕು ನೀಹಾರಿಕೆಯನ್ನು ತೆಗೆದೆ. 300 ಸೆಕೆಂಡಿನ ಚಿತ್ರಗಳನ್ನು ಎರಡು ತಾಸು ಸೇರಿಸಿದ ಮೇಲೆ ಬಳೆಯ ಅಂಚು ಕಂಡಿತು. ಈ ಸಲಕರಣೆ ಎಷ್ಟು ಮಂಕನ್ನು ಹಿಡಿಯಬಲ್ಲದು ಎಂಬ ಅಳತೆ ಇಲ್ಲಿ ಸಿಕ್ಕಿತು. ಇದಿಲ್ಲದೆ ನನ್ನ ಗುರುತಿನಲ್ಲಿ ಏನೂ ಕಾಣದಿದ್ದರೆ ಅಲ್ಲಿ ಏನೂ ಇಲ್ಲವೋ ಅಥವಾ ನನ್ನ ದೂರದರ್ಶಕಕ್ಕೆ ಸಾಲದೋ ಎಂದು ಹೇಳಲು ಬರುವುದಿಲ್ಲ.

ತೊಂದರೆ ಎರಡು ಬಂದವು. ಒಂದು, ಚಿತ್ರಗಳ ಮೇಲೆ ಆಗಾಗ ಬೆಳಕಿನ ಪಟ್ಟೆ. ಪಕ್ಕದ ಹೊಲದ ಕಾಕಾ ತೊಗರಿ ಕಾಯಲು ಕೂತಿದ್ದರು, ಕಾಡುಹಂದಿ ಸದ್ದಾದಾಗಲೆಲ್ಲ ಬ್ಯಾಟರಿ ಬಿಡುತ್ತಿದ್ದರು. ಹೋಗಿ ಕೇಳಿದೆ. "ಬ್ಯಾಟ್ರಿ ಹಾಕ್ಲಿಲ್ಲಂದ್ರ ಹಂದಿ ತೊಗರಿ ಪೂರಾ ಹಾಳ್ ಮಾಡಿ ಹೋಗ್ತಾವ ನೋಡಪಾ. ಹುಣ್ಣಿವಿ ದಿವ್ಸ ನೋಡ್ಲಿಕ್ ಬರಂಗಿಲ್ಲೇನು ನಿನ್ ದುರ್ಬೀನಿನಾಗ?" ಬರುವುದಿಲ್ಲ ಎಂದು ಕೂರಿಸಿ, ಲ್ಯಾಪ್‌ಟಾಪಿನಲ್ಲಿ ಎನ್‌ಜಿಸಿ 2392 ತೋರಿಸಿದೆ. ಬಹಳ ಹೊತ್ತು ನೋಡಿದರು. ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ ಕಟ್ಟಿಕೊಟ್ಟೆ, ನೆಲದ ಕಡೆಗೇ ಬಿಡುತ್ತೇನೆಂದು ಒಪ್ಪಿದರು. ಕೆಂಪು ಬೆಳಕನ್ನು ಆಕ್ಸಿಜನ್ ಫಿಲ್ಟರ್ ಒಳಗೆ ಬಿಡುವುದಿಲ್ಲ, ಪಟ್ಟೆ ನಿಂತಿತು.

ಎರಡನೆಯದು ಫಿಲ್ಟರಿನದೇ. ಪ್ರಖರ ನಕ್ಷತ್ರಗಳ ಸುತ್ತ ತಟ್ಟೆಯಂಥ ಪ್ರಭೆ ಮೂಡುತ್ತಿತ್ತು, ಕಳೆದು ಉಳಿದ ಚಿತ್ರದಲ್ಲಿ ಅದು ಥೇಟ್ ನೀಹಾರಿಕೆ. ಬಿಡಿಸಿಕೊಳ್ಳುವ ದಾರಿ ಸುಲಭ. ದೂರದರ್ಶಕವನ್ನು 10 ಆರ್ಕ್‌ಮಿನಿಟ್ ಸರಿಸಿ ಮತ್ತೆ ತೆಗೆಯಬೇಕು. ಪ್ರತಿಫಲನವಾದರೆ ನಕ್ಷತ್ರಕ್ಕೆ ಹೋಲಿಸಿ ಅದರ ಜಾಗ ಬದಲಾಗುತ್ತದೆ, ಆಕಾಶದ ವಸ್ತುವಾದರೆ ಅಲ್ಲೇ ಇರುತ್ತದೆ. ಫಿಲ್ಟರನ್ನು ತಿರುಗಿಸಿ ಹಾಕಿದ ಮೇಲೆ, ಅಂದರೆ ಕನ್ನಡಿಯಂತೆ ಹೊಳೆಯುವ ಮುಖ ಆಕಾಶದ ಕಡೆ ಮಾಡಿದ ಮೇಲೆ, ಪ್ರಭೆ ಅರ್ಧಕ್ಕಿಂತ ಕಡಿಮೆಯಾಯಿತು.

ಜನವರಿ ಮಧ್ಯದ ಹೊತ್ತಿಗೆ ಗುರುತುಗಳ ಪೈಕಿ ಒಂದನ್ನು ಬಿಟ್ಟು ಉಳಿದವೆಲ್ಲ ಬಿದ್ದವು. ಏಬೆಲ್ ನೀಹಾರಿಕೆ ಕಂಡಷ್ಟೇ ಹೊತ್ತು ಕೊಟ್ಟರೂ ಆಕ್ಸಿಜನ್ನಿನಲ್ಲಿ ಏನೂ ಉಳಿಯಲಿಲ್ಲ.

ಹಂತ 5. ಜನವರಿ–ಫೆಬ್ರವರಿ 2025: ಗ್ರೇಟಿಂಗ್

ಗೆರೆ ಇದೆ ಎಂದು ಫಿಲ್ಟರ್ ಹೇಳುತ್ತದೆ. ಯಾವ ಗೆರೆ, ಅದರ ಜೊತೆಗೆ ಏನಿದೆ ಎಂದು ತಿಳಿಯಲು ರೋಹಿತ, ಅಂದರೆ ಬಣ್ಣ ಬಣ್ಣವಾಗಿ ಬಿಡಿಸಿ ಹರಡಿದ ಬೆಳಕು, ಬೇಕು. ಫಿಲ್ಟರ್ ಹಾಕುವಲ್ಲಿ ಕೂರುವ, ಬೆಳಕನ್ನು ಹಾಗೆ ಹರಡಲು ಮಿಲಿಮೀಟರಿಗೆ 100 ಗೆರೆ ಕೊರೆದ ಗ್ರೇಟಿಂಗ್ 17,000 ರೂ.ಗೆ ತರಿಸಿದೆ. ಇದರಲ್ಲಿ ಆಕಾಶದ ಒಂದು ಸಣ್ಣ ಪಟ್ಟಿಯ ಬೆಳಕನ್ನಷ್ಟೇ ಒಳಗೆ ಬಿಡುವ ಸೀಳು ಇಲ್ಲ. ನಕ್ಷತ್ರದ ಬೆಳಕು ಉದ್ದ ಪಟ್ಟಿಯಾಗಿ ಹರಡುತ್ತದೆ, ನೀಹಾರಿಕೆಯದು ಬಿಡಿ ಬಿಡಿ ಮಣಿಗಳಾಗಿ ಬೀಳುತ್ತದೆ. ಹಾರ್ವರ್ಡಿನಲ್ಲಿ ಎಡ್ವರ್ಡ್ ಪಿಕರಿಂಗ್ 1880ರ ದಶಕದಲ್ಲಿ ಪಟ್ಟಕ ಹಿಡಿದು ಪುಟ್ಟ ಗ್ರಹೀಯ ನೀಹಾರಿಕೆಗಳನ್ನು ಹುಡುಕಿದ್ದು ಇದೇ ಗುಣವನ್ನು ನಂಬಿ.

ಮೊದಲು ಸೆನ್ಸರಿನಿಂದ 25 ಮಿ.ಮೀ. ದೂರದಲ್ಲಿ ಕೂರಿಸಿದೆ. ಒಂದು ಪಿಕ್ಸೆಲ್ಲಿಗೆ 15 ಆಂಗ್‌ಸ್ಟ್ರಾಮ್ ಬಂತು (10 ಆಂಗ್‌ಸ್ಟ್ರಾಮ್ ಅಂದರೆ ಒಂದು ನ್ಯಾನೋಮೀಟರ್). ಆಕ್ಸಿಜನ್ನಿನ 4959 ಮತ್ತು 5007 ಗೆರೆಗಳ ನಡುವೆ ಕೇವಲ 3 ಪಿಕ್ಸೆಲ್, ಎರಡೂ ಕಲೆತು ಒಂದೇ ಮಣಿ. 60 ಮಿ.ಮೀ.ಗೆ ಒಯ್ದರೆ 6.3 ಆಂಗ್‌ಸ್ಟ್ರಾಮ್, ನಡುವೆ ಸುಮಾರು 8 ಪಿಕ್ಸೆಲ್. ಅದಕ್ಕೆ 35 ಮಿ.ಮೀ. ಕೊಳವೆ ಬೇಕು.

ಕಲಬುರಗಿಯ ಕೈಗಾರಿಕಾ ಪ್ರದೇಶದ ಲೇಥ್ ಅಂಗಡಿಗೆ ಹೋದೆ. ಅಂಗಡಿಯಾತ ಗ್ರೇಟಿಂಗ್ ಚೌಕಟ್ಟನ್ನು ತಿರುಗಿಸಿ ನೋಡಿ, "ಇದು ಯಾವ ಗಾಡಿ ಸಾಮಾನ್ರೀ ಸರ್?" ಅಂದ. ಹೇಳಿದೆ. ಆಮೇಲೆ ಕೆಲಸವನ್ನು ಎರಡು ಪಟ್ಟು ಜೋಪಾನದಿಂದ ಮಾಡಿದ. 28.5 ಮಿ.ಮೀ. ವ್ಯಾಸಕ್ಕೆ 0.6 ಪಿಚ್‌ನ ಥ್ರೆಡ್ ಹಾಕುವ ಗೇರ್ ಆತನ ಲೇಥಿನಲ್ಲಿ ಇರಲಿಲ್ಲ. ಹಳೆಯ ಎರಡು ಅಗ್ಗದ ಚಂದ್ರ-ಫಿಲ್ಟರುಗಳ ಗಾಜು ತೆಗೆದು ಉಂಗುರ ಕೊಟ್ಟೆ. ಅಲ್ಯೂಮಿನಿಯಮ್ ಕೊಳವೆಯ ಎರಡೂ ತುದಿಗೆ ಅವನ್ನು ಬಿಗಿಯಾಗಿ ಕೂರಿಸಿ ಅರಾಲ್ಡೈಟ್ ಹಾಕಿದ. ಒಳಗೆ ಕಪ್ಪು ಮ್ಯಾಟ್ ಬಣ್ಣ. 700 ರೂ. ಮೊದಲ ಕೊಳವೆಯಲ್ಲಿ ಉಂಗುರ ಒಂದಿಷ್ಟು ಓರೆ ಕೂತು ಪಟ್ಟಿಗಳು ಒಂದು ಕಡೆ ಮಸುಕಾದವು. ಎರಡನೆಯದನ್ನು ಲೇಥ್ ಮೇಲೆಯೇ ತಿರುಗಿಸುತ್ತ ಅಂಟು ಒಣಗಿಸಿದ, ಸರಿಹೋಯಿತು.

ಅಳತೆಗೆ ಸಿರಿಯಸ್, ನಮ್ಮ ಲುಬ್ಧಕ. ಅದರ ಹೈಡ್ರೋಜನ್ ಗೆರೆಗಳು ಕಪ್ಪಗೆ, ಚೊಕ್ಕವಾಗಿ ಬೀಳುತ್ತವೆ, ಪಿಕ್ಸೆಲ್ಲನ್ನು ತರಂಗಾಂತರಕ್ಕೆ ಹೊಂದಿಸಲು ಅಷ್ಟು ಸಾಕು. ನಂತರ ಶಶ ಪುಂಜದ ಐಸಿ 418, ವಿಲಿಯಮಿನಾ ಫ್ಲೆಮಿಂಗ್ 1891ರಲ್ಲಿ ರೋಹಿತದ ಫಲಕದಲ್ಲೇ ಗುರುತಿಸಿದ ನೀಹಾರಿಕೆ. ಅದರ ಅಗಲ 12 ಆರ್ಕ್‌ಸೆಕೆಂಡ್, ಅಂದರೆ 12 ಪಿಕ್ಸೆಲ್. ಹಾಗಾಗಿ ಆಕ್ಸಿಜನ್ನಿನ ಎರಡು ಮಣಿ ಒಂದರ ಮೇಲೊಂದು ಹತ್ತಿ ಉದ್ದುಂಡೆಯಾಯಿತು. ಹೈಡ್ರೋಜನ್ ಆಲ್ಫಾ ಮಾತ್ರ 250 ಪಿಕ್ಸೆಲ್ ಆಚೆ ಬಿಡಿಯಾಗಿ ಬಿತ್ತು. ಬಿಡಿ ಮಣಿ ನೋಡಬೇಕೆಂದರೆ ಚುಕ್ಕೆಯಷ್ಟೇ ಇರುವ ನೀಹಾರಿಕೆ ಬೇಕು. ಸಂಜೆ ವಾಯವ್ಯದಲ್ಲಿ ಕುಂತೀ ಪುಂಜದ ಹಬಲ್ 12 ಇಳಿಯುವ ಮೊದಲು ಹಿಡಿದೆ. ಸುತ್ತ ನಕ್ಷತ್ರಗಳ ಉದ್ದುದ್ದ ಪಟ್ಟಿಗಳು, ನಡುವೆ ಎರಡು ಚುಕ್ಕೆ, 8 ಪಿಕ್ಸೆಲ್ ಅಂತರ, ಒಂದು ಇನ್ನೊಂದರ ಸುಮಾರು ಮೂರು ಪಟ್ಟು ಹೊಳಪು. ಆ ಅನುಪಾತ ಪರಮಾಣುವಿನ ಗುಣ, ಯಾವ ನೀಹಾರಿಕೆಯಲ್ಲೂ ಬದಲಾಗುವುದಿಲ್ಲ.

1864ರಲ್ಲಿ ವಿಲಿಯಂ ಹಗಿನ್ಸ್ ಎನ್‌ಜಿಸಿ 6543 ನೋಡಿದಾಗ ನಕ್ಷತ್ರದ ಪಟ್ಟಿಯ ಬದಲು ಕಂಡದ್ದು ಬಿಡಿ ಗೆರೆಗಳನ್ನೇ. ಅವು ಯಾವ ಧಾತುವಿನವು ಎಂದು ತಿಳಿಯದೆ ಹೊಸ ಧಾತುವಿನ ಹೆಸರೇ ಹುಟ್ಟಿತು, ಆಕ್ಸಿಜನ್ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ. ಅದೇ ಗೆರೆಗಳು ನಮ್ಮ ತೊಗರಿ ಹೊಲದ ಮೇಲೆ, ಲೇಥ್ ಅಂಗಡಿಯ ಕೊಳವೆಯೊಳಗಿಂದ ಬಿದ್ದದ್ದನ್ನು ನೋಡಿದಾಗ ಆದ ಸಂತೋಷ ದೊಡ್ಡದು. ಈ ಹಂಗಾಮಿನಲ್ಲಿ ಬೇರೇನೂ ಸಿಗದಿದ್ದರೂ ನನಗೆ ಅಷ್ಟು ಸಾಕಿತ್ತು.

ಹಂತ 6. ಉಳಿದ ಒಂದು ಗುರುತು

ವಿಜಯಸಾರಥಿಯಲ್ಲಿ, ಗ್ಯಾಲಕ್ಸಿಯ ಸಮತಲದಿಂದ 7 ಡಿಗ್ರಿಗಿಂತ ಸ್ವಲ್ಪ ಆಚೆ. ಎರಡು ಆರ್ಕ್‌ಮಿನಿಟ್ ಉದ್ದದ ಮೊಟ್ಟೆಯಾಕಾರ, ಒಂದು ಅಂಚು ಇನ್ನೊಂದಕ್ಕಿಂತ ದಪ್ಪ. ಎರಡೂ ಕಾಲದ ಕೆಂಪು ಫಲಕಗಳಲ್ಲಿ ಇದೆ, ಹ್ಯಾಶ್‌ನಲ್ಲಿ ಇಲ್ಲ, ಫ್ರಾನ್ಸಿನ ಪಟ್ಟಿಯಲ್ಲಿ ಇಲ್ಲ. ಆಕ್ಸಿಜನ್ ಫಿಲ್ಟರಿನಲ್ಲಿ ಎಂಟು ತಾಸಿಗೂ ಮೀರಿ ಸೇರಿಸಿದ ಮೇಲೆ ದಪ್ಪ ಅಂಚು ಕಂಡಿತು. ದೂರದರ್ಶಕ ಸರಿಸಿ ತೆಗೆದಾಗಲೂ ಅಲ್ಲೇ ಇತ್ತು. ನಡುವಿನಿಂದ ಒಂದಿಷ್ಟು ಪಕ್ಕಕ್ಕೆ, ಸುತ್ತಲಿನವಕ್ಕಿಂತ ನೀಲಿಯಾದ ಒಂದು ನಕ್ಷತ್ರ ಗಾಯಾ ಪಟ್ಟಿಯಲ್ಲಿದೆ. 22 ಮೈಕ್ರಾನಿನಲ್ಲಿ ಅನುಮಾನಾಸ್ಪದ ಮಂಜು, ಹೌದೆನ್ನುವಷ್ಟಿಲ್ಲ.

ಗ್ರೇಟಿಂಗ್ ಇಲ್ಲಿ ಕೈಕೊಟ್ಟಿತು. ಸೀಳಿಲ್ಲದ ಗ್ರೇಟಿಂಗಿನಲ್ಲಿ ಹಿನ್ನೆಲೆಯ ಆಕಾಶದ ಎಲ್ಲ ಬಣ್ಣದ ಬೆಳಕೂ ಚಿತ್ರದ ಮೇಲೆ ಹರಡಿ ಬೀಳುತ್ತದೆ. ಹಬಲ್ 12ರಂಥ ಚುಕ್ಕೆ ಅದನ್ನು ಮೀರಿ ನಿಲ್ಲುತ್ತದೆ, ಎರಡು ಆರ್ಕ್‌ಮಿನಿಟ್ ಹರಡಿಕೊಂಡ ಮಂಕು ಬೆಳಕು ಅದರಲ್ಲಿ ಮುಳುಗುತ್ತದೆ. ಎಷ್ಟು ಹೊತ್ತು ಕೊಟ್ಟರೂ ಸುತ್ತಲಿನ ನಕ್ಷತ್ರಗಳ ಪಟ್ಟಿಗಳ ಕೆಳಗೆ ಏನೂ ಏಳಲಿಲ್ಲ. ಇದಕ್ಕೆ ಸೀಳಿನ ಸ್ಪೆಕ್ಟ್ರೋಗ್ರಾಫ್, ದೊಡ್ಡ ಕನ್ನಡಿ, ತಾಸುಗಟ್ಟಲೆ ಹೊತ್ತು ಬೇಕು.

ಇದನ್ನು ಗ್ರಹೀಯ ನೀಹಾರಿಕೆ ಎಂದು ನಾನು ಕರೆಯುತ್ತಿಲ್ಲ, ಸ್ಥಾನವನ್ನೂ ಇಲ್ಲಿ ಕೊಡುತ್ತಿಲ್ಲ. ಹಳೆಯ ಸೂಪರ್‌ನೋವಾದ ತುಂಡೂ ಆಕ್ಸಿಜನ್ನಿನಲ್ಲಿ ಹೊಳೆಯುತ್ತದೆ. ಜೋರಾಗಿ ಅನಿಲ ಉಗುಳುವ ಬಿಸಿಯಾದ ವುಲ್ಫ್-ರಾಯೆಟ್ ನಕ್ಷತ್ರದ ಸುತ್ತಲಿನ ಉಂಗುರವೂ ಹೊಳೆಯುತ್ತದೆ. ಮಾಮೂಲಿ ಅಂತರತಾರಾ ಅನಿಲವನ್ನು ದಾರಿಯಲ್ಲಿ ಹೋಗುವ ಬಿಸಿ ನಕ್ಷತ್ರವೊಂದು ಬೆಳಗಿಸಿದರೂ ಹೀಗೇ ಕಾಣುತ್ತದೆ, ಒಂದೇ ಅಂಚು ದಪ್ಪವಾಗಿರುವುದು ಅದಕ್ಕೂ ಹೊಂದುತ್ತದೆ. ಅಮೆರಿಕದ ಹವ್ಯಾಸಿ ಡಾನಾ ಪ್ಯಾಚಿಕ್ 2013ರಲ್ಲಿ ವೈಸ್ ಚಿತ್ರಗಳಲ್ಲಿ ಕಂಡ ಪಿಎ 30 ಕೂಡ ಗ್ರಹೀಯ ನೀಹಾರಿಕೆ ಇರಬಹುದು ಎಂದೇ ಪಟ್ಟಿಗೆ ಸೇರಿತ್ತು. ರೋಹಿತ ತೆಗೆದ ಮೇಲೆ ನಡುವಿನ ನಕ್ಷತ್ರದಿಂದ ಸೆಕೆಂಡಿಗೆ ಸುಮಾರು 16,000 ಕಿ.ಮೀ. ವೇಗದ ಗಾಳಿ ಬೀಸುತ್ತಿರುವುದು ತಿಳಿಯಿತು. ಚೀನಾ, ಜಪಾನಿನವರು 1181ರಲ್ಲಿ ಬರೆದಿಟ್ಟ ಅತಿಥಿ ನಕ್ಷತ್ರದ, ಅಂದರೆ ಸೂಪರ್‌ನೋವಾದ, ಅವಶೇಷ ಅದು ಎಂದು ಈಗ ಹೇಳುತ್ತಾರೆ. ಹುಡುಕಿದ್ದಕ್ಕಿಂತ ಸಿಕ್ಕಿದ್ದು ದೊಡ್ಡದಾಯಿತು. ಆದರೆ ಚಿತ್ರ ನೋಡಿ ಅದನ್ನು ಹೇಳಲು ಯಾರಿಗೂ ಆಗುತ್ತಿರಲಿಲ್ಲ.

ಚಿತ್ರಗಳು, ಒಟ್ಟು ಹೊತ್ತು, ಫಿಲ್ಟರಿನ ವಿವರ, ಗಾಯಾ ನಕ್ಷತ್ರದ ಸಂಖ್ಯೆ ಎಲ್ಲವನ್ನೂ ಸೇರಿಸಿ, ಇಂಥ ಗುರುತುಗಳ ರೋಹಿತ ತೆಗೆಯುವ ಹವ್ಯಾಸಿಗಳಿಗೆ ಮಾರ್ಚಿನಲ್ಲಿ ಕಳಿಸಿದ್ದೇನೆ. ಅವರ ಕಡೆಯೂ ವಿಜಯಸಾರಥಿ ಈಗ ಇಳಿಯುತ್ತಿದೆ, ಶರತ್ಕಾಲದ ಮೊದಲು ಯಾರೂ ನೋಡಲಾರರು.

ಅಷ್ಟರಲ್ಲಿ ಇಲ್ಲಿ ಆಗಬೇಕಾದ ಕೆಲಸ: ಹೈಡ್ರೋಜನ್ ಆಲ್ಫಾ ಫಿಲ್ಟರ್ ಕೊಂಡು ನವೆಂಬರ್ ಅಮಾವಾಸ್ಯೆಗೆ ಅದೇ ಜಾಗವನ್ನು ತೆಗೆಯುವುದು. ಆಕ್ಸಿಜನ್ ಒಳಗೆ, ಹೈಡ್ರೋಜನ್ ಹೊರಗೆ ಪದರವಾಗಿ ಬಂದರೆ ನಕ್ಷತ್ರವೇ ಕಳಚಿದ ಕವಚ ಎನ್ನುವ ಕಡೆಗೆ ತೂಕ ಬೀಳುತ್ತದೆ. ಎರಡೂ ಒಂದೇ ಥರ ಹರಡಿಕೊಂಡಿದ್ದರೆ ಮಾಮೂಲಿ ಅನಿಲದ ಕಡೆಗೆ. ಕಂಬದ ಸುತ್ತಲಿನ ಉಸುಕು ಮಳೆಯಲ್ಲಿ ಇಳಿದರೆ ಮತ್ತೆ ತುಂಬಲು ಎರಡು ಬುಟ್ಟಿ ಉಸುಕನ್ನು ಹೊಲದ ಕೋಣೆಯಲ್ಲಿ ಇಟ್ಟಿದ್ದೇನೆ. ತೂಗುಗುಂಡು ಕಾಕಾ ಹತ್ತಿರ ಇದೆ, ದೊಡ್ಡ ಮಳೆಯಾದ ಮೇಲೆಲ್ಲ ಇಳಿಬಿಟ್ಟು ನೋಡಿ ಫೋನ್ ಮಾಡುತ್ತಾರೆ.